ತಕ್

ಬೂಡೋಗೆ ಬಂದ ದಿನ ಮೆಬ್ರಹ್ತು ಶೂ ಕಳಚಲಿಲ್ಲ.
ಹದಿಮೂರು ಎಂದಿತ್ತು ಕಾಗದ, ಹುಟ್ಟಿದ್ದು ಜನವರಿ ಒಂದು.
ಗೊತ್ತಿಲ್ಲದವರಿಗೆಲ್ಲ ಕಚೇರಿ ಕೊಡುವ ತಾರೀಖು ಅದು.
ಬಾರ್ಲಿ ಕೊಯ್ಲಲ್ಲಿ ಹುಟ್ಟಿದೆ ಅಂತಾಳೆ ಅಮ್ಮ, ಎಂದ
ದುಭಾಷಿಯ ಬಾಯಲ್ಲಿ.
ಅಂತಾಳೆ. ಅಂತಿದ್ದಳು ಅಲ್ಲ.
ನಾನು ಮುಂದೆ ಕೇಳಲಿಲ್ಲ.

ನಾನು ರಾಗ್ನ್‌ಹಿಲ್ಡ್. ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತೇನೆ.
ಹೆತ್ತವಳಲ್ಲ. ಸಾಕುತಾಯ್ತನದ ತರಬೇತಿಗೆ ಒಂಬತ್ತು ಸಂಜೆ ಹೋಗಿ
ನೋಟ್‌ಬುಕ್ಕು ತುಂಬಿಸಿಕೊಂಡಿದ್ದೆ.
ಅದರಲ್ಲಿ ಇದು ಇರಲಿಲ್ಲ:

ಸೂಪಿಗೆ ತಕ್. ಚಮಚಕ್ಕೆ ತಕ್. ಕಾಲುಚೀಲಕ್ಕೆ,
ದೀಪ ಹಾಕಿದ್ದಕ್ಕೆ, ಆರಿಸಿದ್ದಕ್ಕೂ.
ನಮ್ಮ ಭಾಷೆಯಲ್ಲಿ ಅವನು ಮೊದಲು ಕಲಿತದ್ದು
ಉಪಕಾರ ನೆನೆವ ಈ ಒಂದು ಪದ.
ತಕ್, ತಕ್, ತಕ್,
ಇರುಳಿಡೀ ಸರಿಯಾಗಿ ತಿರುಗಿಸದ ನಲ್ಲಿ.
ತಟ್ಟೆ ತೊಳೆದು, ಒರೆಸಿಟ್ಟು, ಕುರ್ಚಿ ಒಳಸರಿಸಿ
ಅಲ್ಲಿ ಯಾರೂ ಕೂತೇ ಇರಲಿಲ್ಲವೆಂಬಂತೆ
ಎದ್ದು ಹೋಗುತ್ತಿದ್ದ.
ನೆಂಟರು ಹೀಗಿರುತ್ತಾರೆ. ಅಥವಾ
ನಾಳೆ ಎಬ್ಬಿಸಿ ಕಳಿಸಿಬಿಟ್ಟಾರೆಂದು ಬಲ್ಲವರು.

ಮಾರ್ಚಿನ ಒಂದು ಬೆಳಗ್ಗೆ, ರಾತ್ರಿಪಾಳಿ ಮುಗಿಸಿ ಬಂದು
ನಿನ್ನೆಯ ಮೀನಿನ ಸೂಪು ಬಿಸಿಮಾಡಿ ಬಡಿಸಿದೆ.
ಒಂದು ಗುಟುಕು. ಮುಖ ಸಿಂಡರಿಸಿದ.
"ರುಚಿಯೇ ಇಲ್ಲ, ರಾಗ್ನ್‌ಹಿಲ್ಡ್!
ನಿಮ್ಮೂರಲ್ಲಿ ಮೆಣಸಿನಕಾಯಿ ಯಾರೂ ಕಂಡೇ ಇಲ್ವಾ?"
ಚಮಚ ಸೂಪಿನಲ್ಲೇ. ಕುರ್ಚಿ ದಾರಿಗಡ್ಡ.
ಬಾಗಿಲು ಧಡಾರ್.

ಗೋಡೆಯ ಚಿತ್ರವೊಂದು ಸೊಟ್ಟಗಾಯಿತು.
ನಾನು ಒದ್ದೆ ಬೂಟಿನಲ್ಲೇ ಕೂತು
ಆ ಎಂಜಲು ತಟ್ಟೆಯನ್ನು
ಎತ್ತದೆ, ತೊಳೆಯದೆ
ನೋಡುತ್ತಿದ್ದೇನೆ.

ಅಂಗಡಿ ತೆರೆಯುವುದು ಒಂಬತ್ತಕ್ಕೆ.