ರಾತ್ರಿ ಎಷ್ಟಿತ್ತು?

ಮೊದಲು ಹೊಡೆದುಹಾಕಿದ್ದು ವರುಣನನ್ನು.
ಆಮೇಲೆ ಸೂರ್ಯನ ಪ್ರತಾಪ, ಪ್ರಕೃತಿಯ ಮುನಿಸು,
ರಣಬಿಸಿಲು, ತತ್ತರಿಸಿದ ಜನ.
ನಾಗವೇಣಿ ಮೇಡಂ ಒಂದೊಂದನ್ನೇ ಬೋರ್ಡಿನ ಮೇಲೆ ಬರೆದು
ಒಂದೊಂದರ ಮೇಲೂ ಗೆರೆ ಎಳೆದರು.
ಎರಡು ದಿನ ಇವನ್ನು ಯಾರೂ ಮುಟ್ಟುವಂತಿಲ್ಲ.

ಕಲಬುರಗಿ, ಸ್ಟೇಷನ್ ರಸ್ತೆ, ಲಾಡ್ಜಿನ ಮೇಲಿನ ಹಾಲ್, ಏಪ್ರಿಲ್.
ಒಂದು ಎ.ಸಿ. ಗೊರಗೊರ ಅನ್ನುತ್ತಿತ್ತು, ಇನ್ನೊಂದು ಅದೂ ಇಲ್ಲ.
ಮೂರು ಜಿಲ್ಲೆಯ ಇಪ್ಪತ್ತಾರು ಮಂದಿ ವರದಿಗಾರರು,
ತಲೆಗೊಂದು ಬ್ಯಾಗು, ಪೆನ್ನು, ಊಟದ ಕೂಪನ್.
ಸುರಪುರದ ಮಾನಶಪ್ಪ ಎದ್ದು ನಿಂತ:
"ಇವೆಲ್ಲಾ ತೆಗದ್ರ ನಮ್ಮ ಬಲ್ಲಿ ಏನ್ ಉಳೀತದ್ರಿ ಮೇಡಂ?
ಹೆಸರು, ಊರು, ತಾರೀಖು."
"ಸಾಕಲ್ಲ," ಅಂದರು. "ಅಲ್ಲಿಂದ ಶುರು ಮಾಡಿ."

ಹವಾಮಾನ ಬೇರೆ, ಹವಾಗುಣ ಬೇರೆ.
ಮಾನ ಇವತ್ತಿನದು, ಗುಣ ಮೂವತ್ತು ವರ್ಷದ್ದು.
ಹಿಂದಿನ ಸಾಲಿನಿಂದ ಹಳ್ಳಿಖೇಡದ ತಬಸ್ಸುಮ್, ಮೆಲ್ಲಗೆ:
"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ರೀ?"
ಎಲ್ಲರೂ ನಕ್ಕೆವು. ಮೇಡಂ ನಗಲಿಲ್ಲ.
"ಯಾರು ಸುಟ್ಟರು, ಏನು ಸುಟ್ಟರು, ಎಷ್ಟು ವರ್ಷ ಸುಟ್ಟರು,
ಬರೆದುಕೊಳ್ಳಿ. ವರದಿ ಅಂದರೆ ಅದೇ."
ಬರೆದುಕೊಂಡೆ.
ಬರೆಯುವಾಗ ನೆನಪಾಯಿತು ಜನವರಿ ಇಪ್ಪತ್ತಾರರ ಅರ್ಧ ಪುಟ:
ಸಿಮೆಂಟು ಕಾರ್ಖಾನೆಯ ಶುಭಾಶಯ,
ತಂದುಕೊಟ್ಟ ನನಗೆ ನೂರಕ್ಕೆ ಹದಿನೈದು.
ಸುದ್ದಿಗೆ ಪತ್ರಿಕೆ ಕೊಡುವುದು ಬಸ್ ಚಾರ್ಜಿಗೆ ಸಾಲದು.
ಮಗಳ ಡಿಪ್ಲೊಮಾ ಫೀಸು ಆ ಅರ್ಧ ಪುಟದ್ದೇ.
ಪೆನ್ನಿನ ಕ್ಯಾಪು ಹಾಕಿದೆ. ಮತ್ತೆ ತೆಗೆದೆ.

ನೀವೇ ಬರೆದ ಒಂದು ಸುದ್ದಿ ತನ್ನಿ ಅಂದಿದ್ದರು.
ನಾನು ಒಯ್ದದ್ದು ಹೋದ ಮೇ ತಿಂಗಳ ನಾಲ್ಕು ಸಾಲು:
ಶಹಾಬಾದ, ಕಲ್ಲುಗಣಿ, ಕೂಲಿಕಾರ್ಮಿಕ ಮಹಿಳೆ ತಿಪ್ಪವ್ವ (೪೪)
ಹೃದಯಾಘಾತದಿಂದ ನಿಧನ.
ಮೃತರಿಗೆ ಪತಿ, ಇಬ್ಬರು ಪುತ್ರಿಯರು ಇದ್ದಾರೆ.
ಮೇಡಂ ಓದಿ ಕನ್ನಡಕ ಹಣೆಗೇರಿಸಿದರು.
"ಎಷ್ಟು ಗಂಟೆಗೆ?" ಎರಡೂವರೆ.
"ಕೆಲಸ ಶುರುವಾದದ್ದು?" ಆರಕ್ಕೆ.
"ಉಷ್ಣಾಂಶ?" ನಲವತ್ತನಾಲ್ಕು, ಅದು ಎಲ್ಲರೂ ಬರೆದರು.
"ರಾತ್ರಿ ಎಷ್ಟಿತ್ತು?"

ರಾತ್ರಿ.

ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿ
ಯಾರಿಗೂ ನಾನು ರಾತ್ರಿಯ ಬಗ್ಗೆ ಕೇಳಿರಲಿಲ್ಲ.

"ಮೈ ತಣಿಯೋದು ರಾತ್ರಿ. ರಾತ್ರಿಯೇ ತಣಿಯದಿದ್ದರೆ
ಬೆಳಗ್ಗೆ ಗಣಿಗೆ ಇಳಿಯುವುದು ನಿನ್ನೆಯ ಮೈ.
ಹಾಗಂತ ಒಂದು ಸಾವು ಹಿಡಿದುಕೊಂಡು
ಹವಾಗುಣವೇ ಕೊಂದಿತು ಅಂತ ಬರೆಯಬೇಡಿ.
ಗೊತ್ತಿರುವುದನ್ನು ಬರೆಯಿರಿ.
ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯಿರಿ."

ಸಂಜೆಯ ಪ್ಯಾಸೆಂಜರ್ ತಡವಾಗಿ ಇಳಿಸಿತು.
ಮನೆಗೆ ಹೋಗಲಿಲ್ಲ.
ತಿಪ್ಪವ್ವನ ಗಂಡ ಮರೆಪ್ಪ ಬಾಗಿಲಲ್ಲೇ ಕೂತಿದ್ದ.
"ಐದು ರಾತ್ರಿ ಕಣ್ಣು ಮುಚ್ಚಿದ್ದಿಲ್ರಿ ಅಕಿ.
ಹೊರಗ ಮಲಗಬೇಕಂದ್ರ ಪೋರಿಗೋಳು ದೊಡ್ಡವಾಗ್ಯಾವ.
ಒಳಗ ನೋಡ್ರಿ, ಫರಸಿ."
ಕೈ ಎತ್ತಿ ತೋರಿಸಿದ: ತಲೆಯ ಮೇಲೆ, ಗೋಡೆಗೆ, ಕಾಲಡಿಗೆ
ಎಲ್ಲ ಅದೇ ಕಲ್ಲು.
ಗಣಿಯಲ್ಲಿ ಸೀಳುವಾಗ ಮೂಲೆ ಒಡೆದ ಚಪ್ಪಡಿಗಳು,
ಗುತ್ತೇದಾರ ಕೂಲಿಯಲ್ಲಿ ಹಿಡಿದು ಕೊಟ್ಟದ್ದು.
ಕೆಲವು ಅವಳೇ ಸೀಳಿದ್ದು. ಯಾವುವು ಅಂತ ಅವನಿಗೆ ಗೊತ್ತು.

ಗೋಡೆಗೆ ಅಂಗೈ ಇಟ್ಟೆ.
ತೆಗೆದೆ. ಇನ್ನೊಮ್ಮೆ ಇಟ್ಟೆ.
ನಿಂತಲ್ಲೇ ಮೊಬೈಲಿನಲ್ಲಿ ಮೊದಲ ಸಾಲು ಒತ್ತಿದೆ:
ರಾತ್ರಿ ೯.೪೦. ತಿಪ್ಪವ್ವನ ಮನೆಯ ಕಲ್ಲು ಇನ್ನೂ ಬಿಸಿ ಇದೆ.
ಎರಡನೆಯದು: ಕಳೆದ ಮೇ ತಿಂಗಳಲ್ಲಿ ಎಷ್ಟು ಬಿಸಿ ಇತ್ತು,
ಅಳೆದವರಿಲ್ಲ.

ಡೆಸ್ಕಿನವರು ಕೊಟ್ಟ ಶೀರ್ಷಿಕೆ:
ರಣಬಿಸಿಲಿಗೆ ಬಲಿಯಾದಳೇ ಮಹಿಳೆ?
ಫೋನಿನಲ್ಲಿ ಅರ್ಧ ಗಂಟೆ ಜಗಳವಾಡಿದೆ.
ಕೊನೆಗೆ ಹೋಗಲಿ ಬಿಡ್ರಿ ಅಂತ
ಪ್ರಶ್ನಾರ್ಥಕ ಚಿಹ್ನೆಯೊಂದನ್ನು ತೆಗೆದರು.