ಉಪ್ಪು ಕುಡಿದ ನೆಲ

ಕೌಲ್ ಬಜಾರಿನ ಐಸ್ ಫ್ಯಾಕ್ಟರಿಗೆ
ಮೇ ತಿಂಗಳ ಒಂದು ಬೆಳಿಗ್ಗೆ ಜೀಪು ಬಂತು.
ಮೀನಿನವರಲ್ಲ, ಸೋಡಾದವರಲ್ಲ,
ಮದುವೆ ಮನೆಯವರಲ್ಲ, ಸಾವಿನ ಮನೆಯವರೂ ಅಲ್ಲ.
‘ಅರವತ್ತು ಗಡ್ಡೆ ಬೇಕು. ಒಯ್ಯೋದಿಲ್ಲ,
ಇಲ್ಲೇ ಜೋಡಿಸಿಡಿ’ ಅಂದರು ಇಂದುಕಲಾ ಮೇಡಂ.
ಓನರ್ ಮೊದಲು ದುಡ್ಡು ಎಣಿಸಿ ಆಮೇಲೆ ನಕ್ಕರು.

ಇಕ್ಕಳ ಹಿಡಿದು ಮೂವತ್ತೊಂದು ವರ್ಷದ ಕೈ ನಂದು.
ಗಡ್ಡೆಗೆ ಗಡ್ಡೆ ಕೂಡಿಸಿ, ಸಂದಿಗೆ ನೀರು ಹೊಯ್ದು
ಎರಡು ಮಂಚದಷ್ಟು ದಕ್ಷಿಣ ಧ್ರುವ ಕಟ್ಟಿದೆ,
ಮೇಲೆ ಸಿರುಗುಪ್ಪದ ಭತ್ತದ ಹೊಟ್ಟು.
ಅಡಿಯಲ್ಲಿ ಅವರು ಮೊದಲೇ ಇಟ್ಟದ್ದು
ಒಂದು ಇಟ್ಟಿಗೆ, ಒಂದು ಸಲಾಕೆ,
ನೀರು ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ.
‘ಇದು ಕೆರೆ’ ಅಂದ ಜೊತೆಯ ಹುಡುಗ.

ಕೆಂಪು ಪೆಟ್ಟಿಗೆ, ಕೂಸಿನ ತಳ್ಳುಗಾಡಿಯಂಥದ್ದು.
ಎಳೆದಂತೆಲ್ಲ ಪರದೆ ಮೇಲೆ
ಇಟ್ಟಿಗೆ ಇಟ್ಟಿಗೆಯಂತಿಲ್ಲ, ಹುಬ್ಬಿನಂತೆ;
ಸಲಾಕೆ ಒಂದು ಕಮಾನು.
ನೀರು ಮಾತ್ರ ಬಿಸಿಲಿಗೆ ಹಿಡಿದ ತಟ್ಟೆಯಂತೆ ಹೊಳೀತು.
ಅಲೆ ಹೋಗಿ ತಟ್ಟಿ ಮರಳೋಕೆ ಎಷ್ಟು ಹೊತ್ತೋ
ಅಷ್ಟು ಆಳ, ಅಂದರು.
ನಾನೂ ಅಷ್ಟೇ ಮೇಡಂ, ಇಕ್ಕಳದಿಂದ ಒಂದೇಟು.
ಒಳಗೆ ಟೊಳ್ಳಿದ್ದರೆ ಗಡ್ಡೆ ಬೇರೆ ಮಾತಾಡ್ತದೆ.

ನೆಲ ಬಂತು. ಪರದೆ ಬೂದಾಯಿತು.
ಯಾವ ಗುಂಡಿ ತಿರುವಿದರೂ ಬೂದು.
‘ಉಪ್ಪು’ ಅಂದರು.
ಈ ಪೆಟ್ಟಿಗೆಯ ದೊಡ್ಡಕ್ಕ ಒಬ್ಬಳಿದ್ದಾಳಂತೆ,
ಮೂರು ಕಿಲೋಮೀಟರ್ ಐಸು ದಾಟಿ ಬೆಟ್ಟ ಮುಟ್ಟಿ ಬರ್ತಾಳಂತೆ.
ಅವಳೂ ಉಪ್ಪುನೀರು ಕುಡಿದ ನೆಲದಲ್ಲಿ ಇಂಗಿಹೋಗ್ತಾಳಂತೆ.
ತೊಟ್ಟಿಯಿಂದ ಡಬ್ಬಿ ಎತ್ತಿದಾಗಲೆಲ್ಲ ತೊಟ್ಟಿಕ್ಕಿದ್ದು,
ಮೂವತ್ತೊಂದು ವರ್ಷ, ನನ್ನ ಕೈಯಿಂದಲೇ.

‘ಕೆಳಗೇನೂ ಇಲ್ಲ ಬಿಡಿ’ ಅಂದ ಹುಡುಗ.
ಐತೆ, ಅಂದೆ.
ಆ ಮೂಲೆಯಲ್ಲಿ ಬಾವಿ. ನಾನು ಸೇರಿದ ವರ್ಷ
ಚಪ್ಪಡಿ ಎಳೆದು ಗಾರೆ ಬಳಿದರು.
ಈಗಲೂ ನಸುಕಿನಲ್ಲಿ ಆ ಜಾಗ ದಾಟಿ ಐಸು ಎಳೆದರೆ
ಸದ್ದು ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತಿ ಬರ್ತದೆ.

ಮೇಡಂ ಚಪ್ಪಲಿ ಬಿಟ್ಟು ಅಲ್ಲಿ ನಿಂತರು.
ಎಳೆದು ತೋರಿಸಿದೆ.
ಇನ್ನೊಮ್ಮೆ, ಅಂದರು. ಇನ್ನೊಮ್ಮೆ.
ಪುಸ್ತಕದಲ್ಲಿ ಬರಕೊಂಡರು:
ಬಾವಿ. ಹೊನ್ನೂರವಲಿ. ಕಿವಿ.

ಮೂರನೇ ದಿನಕ್ಕೆ ಧ್ರುವ ಚರಂಡಿ ಸೇರಿತ್ತು.
ಬಿಟ್ಟುಹೋದ ಇಟ್ಟಿಗೆ ಗೇಟು ಬಡಿಯದಂತೆ ಆನಿಸಿಟ್ಟಿದ್ದೀನಿ.
ಜೀಪು ಹತ್ತುವಾಗ ಕೇಳಿದ್ದೆ:
ಅಲ್ಲಿ ಅಷ್ಟೊಂದು ಐಸಿಗೆ
ಹೊಟ್ಟು ಯಾರು ಮುಚ್ತಾರೆ ಮೇಡಂ?

ನಗ್ತಾರೆ ಅಂದುಕೊಂಡಿದ್ದೆ.