ಬಂದ ಉದ್ದೇಶ

ಕೋಲಾರದ ಕ್ಲಾಕ್ ಟವರಿಗೆ ಕೂಗಳತೆಯಲ್ಲಿ
ನಮ್ಮ ಹೋಟೆಲು. ಮೂರು ಮಹಡಿ, ಒಂದು ಲಿಫ್ಟು,
ಬಿಸಿನೀರು ಬೆಳಗ್ಗೆ ಆರರಿಂದ ಒಂಬತ್ತು.
ರಾತ್ರಿ ಪಾಳಿ ನನ್ನದು. ರಿಜಿಸ್ಟರಿನಲ್ಲಿ
ಆರು ಕಾಲಂ. ಕೊನೆಯದು: ಬಂದ ಉದ್ದೇಶ.

ಟೊಮೆಟೊ ಸೀಸನ್ನಿನಲ್ಲಿ ಮಂಡಿಗೆ ಬರುವವರು,
ರಾಯಪುರ, ನಾಸಿಕ, ಗುಂಟೂರು.
ಅವರ ಚಪ್ಪಲಿಗಂಟಿದ ಕೆಂಪು ಸಿಪ್ಪೆ
ಲಿಫ್ಟಿನವರೆಗೂ ಬರುತ್ತದೆ.
ಕೇಳುವುದೇ ಇಲ್ಲ, ‘ವ್ಯಾಪಾರ’ ಎಂದು ನಾನೇ ಬರೆಯುತ್ತೇನೆ.
ಶನಿವಾರ, ಅಂತರಗಂಗೆ ಬೆಟ್ಟ ಹತ್ತುವ ಹುಡುಗರು
ಹಣೆಗೆ ಟಾರ್ಚು ಕಟ್ಟಿಕೊಂಡೇ ಕೌಂಟರಿಗೆ ಬಂದು
ನನ್ನ ಕಣ್ಣು ಕುಕ್ಕಿಸುತ್ತಾರೆ. ಅವರದು ‘ವಿಹಾರ’.
ಹದಿನಾಲ್ಕು ವರ್ಷದಲ್ಲಿ
ಮೂರನೆಯ ಪದ ಬೇಕಾಗಿರಲಿಲ್ಲ.

ಮೊನ್ನೆ ಹನ್ನೊಂದೂವರೆಗೆ ಅಮರಾವತಿ ಬಂದಳು.
ಕಠಾರಿಪಾಳ್ಯದ ಇಸ್ತ್ರಿ ಅಮರಾವತಿ.
ನಮ್ಮ ಅಷ್ಟೂ ರೂಮಿನ ಬೆಡ್‌ಶೀಟು, ದಿಂಬಿನ ಕವರು
ಒಗೆದು, ಗಂಜಿ ಹಾಕಿ, ತೀಡಿ
ಗಂಟು ಕಟ್ಟಿ ಹಿಂಬಾಗಿಲಿಗೆ ತರುವವಳು.
ಈ ಸಲ ಮುಂಬಾಗಿಲು. ಗಂಟಿಲ್ಲ.
ಕೈಯಲ್ಲಿ ಆಧಾರ್ ಕಾರ್ಡು,
ಅದರ ಅಡಿಗೆ ಎಣಿಸಿಟ್ಟ ದುಡ್ಡು.

“ಒಂದು ಸಿಂಗಲ್ಲು ಕೊಡಣ್ಣ. ಏಸಿ ಬ್ಯಾಡ.”

ಊರಿನವರಿಗೆ ರೂಮು ಕೊಡಕೂಡದು,
ಮಾಲೀಕರ ಕಾನೂನು, ಗೋಡೆಗೂ ಅಂಟಿಸಿದೆ.
ಮನೆಯಲ್ಲಿ ಜಗಳವೇ ಎಂದೆ. ಇಲ್ಲ.
ನೆಂಟರು ತುಂಬಿದ್ದಾರೆಯೇ?
“ನೆಂಟ್ರಿಗೆ ಚಾಪೆ ಐತಲ್ಲ” ಎಂದು ನಕ್ಕಳು. ಆಮೇಲೆ,
“ಹನ್ನೊಂದು ವರ್ಷದಿಂದ ಮಡಿಸ್ತಾ ಇದೀನಿ.
ಹಾಸಿದ್ಮೇಲೆ ಹೆಂಗಿರ್ತವೆ, ನೋಡ್ಬೇಕು.”

ಪೆನ್ನು ಆರನೇ ಕಾಲಮಿನ ಮೇಲೆ ನಿಂತಿತು.
ಒಂದು ಲೆಕ್ಕಕ್ಕೆ ವ್ಯಾಪಾರವೇ. ಇನ್ನೊಂದು ಲೆಕ್ಕಕ್ಕೆ,
ಎಂದು ಯೋಚಿಸುತ್ತ ಒಂದು ಗೀಟು ಎಳೆದು
ಇನ್ನೂರ ನಾಲ್ಕರ ಕೀಲಿ ಕೊಟ್ಟೆ.
ರಸ್ತೆಯ ಕಡೆ ಕಿಟಕಿ ಇಲ್ಲದ್ದು, ಸದ್ದು ಕಮ್ಮಿ.

ಎರಡಕ್ಕೆ ಮಹಡಿ ಸುತ್ತಲು ಹೋದಾಗ
ಬಾಗಿಲ ಸಂದಿಯಲ್ಲಿ ಬೆಳಕು, ಫ್ಯಾನಿನ ಸದ್ದು.
ಮೂರಕ್ಕೆ ಫ್ಯಾನಿನ ಸದ್ದು ಮಾತ್ರ.

ಬಿಸಿನೀರು ಬಂದ ಕಾಲುಗಂಟೆಗೆ ಇಳಿದು ಬಂದಳು.
ಒದ್ದೆ ಜಡೆ. ಕೀಲಿ ಇಟ್ಟು, ದೂರಿನ ಪುಸ್ತಕ ಕೇಳಿ,
ನಾಸಿಕದವರ ಸೊಳ್ಳೆ,
ರಾಯಪುರದವರ ಬಾರದ ಟೀವಿ,
ಅವುಗಳ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಬರೆದಳು:
‘ಗಂಜಿ ಜಾಸ್ತಿ. ಕೆನ್ನೆಗೆ ಒತ್ತುತ್ತೆ.’

“ಇವತ್ತಿನ ಗಂಟು?” ಎಂದೆ.
“ಹಿಂದ್ಗಡೆ ಇಡ್ಸಿರು, ಹತ್ತಕ್ಕೆ ಬರ್ತೀನಿ.
ಇನ್ನೂರ ನಾಲ್ಕರದ್ದು ಆಗ್ಲೇ ಮಡಿಸಿಟ್ಟಿದೀನಿ,
ಕೈ ಸುಮ್ನಿರಲಿಲ್ಲ.”

ಒಂಬತ್ತಕ್ಕೆ ಮಾಲೀಕರು ರಿಜಿಸ್ಟರು ತಿರುವಿ
ಇದೇನಯ್ಯ ಗೀಟು, ಎಂದರು.
ಪೆನ್ನು ಜಾರಿತು ಸಾರ್, ಎಂದೆ.